ಸಿನ್ನರ್ ಏನಾಯಿತು?

ಗೆಲ್ಲಲು ಟೆನಿಸ್ ಆಟಗಾರ ಸಿನ್ನರ್‌ಗೆ ಒಂದೇ ಒಂದು ಪಾಯಿಂಟ್ ಬೇಕಿತ್ತು. ಅಷ್ಟರಲ್ಲಿ ಮಂದಾಕಿನಿ ಟೀವಿ ಆರಿಸಿಬಿಟ್ಟಳು.

"ಒಂದ್ ಪಾಯಿಂಟಿಗೆ ಏನ್ ಕಾಯೋದ್ರಿ? ಗೆದ್ದ ಅಂತ ತಿಳ್ಕೊಂಡು ಮಲ್ಕೊಳ್ರಿ. ಐದೂವರಿಗೆ ಬಸ್ ಅದ."

ರಘೋತ್ತಮ ಹಾಗೆಯೇ ತಿಳಿದುಕೊಂಡು ಮಲಗಿದ. ಕಲಬುರಗಿಯ ಈ ಬ್ಯಾಂಕ್ ಆಫೀಸರನಿಗೆ ಟೆನಿಸ್ಸಿಗಿಂತ ಪಿಂಚಣಿ ನಿಯಮಗಳೇ ಹೆಚ್ಚು ರೋಚಕವಾಗಿದ್ದವು. ಆದರೆ ಅವನ ಶಾಖೆ ಸಂಭಾಜಿನಗರದಲ್ಲಿ, ಹೆಂಡತಿ ಮಂದಾಕಿನಿ, ಮಗಳು ನಾಸಿಕದಲ್ಲಿ. ಮೂರು ವರ್ಷದಿಂದ ಶನಿವಾರ ಬಂದು ಸೋಮವಾರ ಓಡುವ ಸಂಸಾರ. ಅವನು ಬಾಗಿಲಲ್ಲಿ ಚಪ್ಪಲಿ ಬಿಟ್ಟರೆ ಮಗಳು ಪ್ರಾಚಿ "ಆಯೀ, ಪಾಹುಣೆ ಆಲೆ!" ಅಂತ, ನೆಂಟರು ಬಂದರು ಅಂತ, ಮರಾಠಿಯಲ್ಲಿ ಕೂಗುತ್ತಿದ್ದಳು.

ವರ್ಗಾವಣೆಗೆ ಬೇಕಾದದ್ದು ರೀಜನಲ್ ಮ್ಯಾನೇಜರ್ ಶರಣಬಸವ ಸಾಹೇಬರ ಒಂದು ಸಹಿ. ಅವರು ಸೋಮವಾರ ಶಾಖೆಗೆ ಬರುವವರಿದ್ದರು. ಹೆಡ್ ಕ್ಯಾಷಿಯರ್ ಮನ್ಮಥಪ್ಪ ಫೋನ್ ಮಾಡಿ ಎಚ್ಚರಿಸಿದ್ದ: "ಸಾಹೇಬ್ರಿಗೆ ಟೆನಿಸ್ ಹುಚ್ಚು. ಫ್ರೆಂಚ್ ಓಪನ್ ಫೈನಲ್ ನೋಡ್ಕೊಂಡೇ ಬರ್ರಿ. ನಾಕ್ ಮಾತು ಒಗದ್ರ ಆರ್ಡರ್ ಕೈಗೆ ಬಂತು ಅಂತ ತಿಳೀರಿ."

ಬೆಳಿಗ್ಗೆ ನೋಡಿದರೆ ಫೋನ್ ಸತ್ತಿತ್ತು. ಚಾರ್ಜಿಗೆ ಹಾಕಿದ್ದ, ಸ್ವಿಚ್ ಒತ್ತಿರಲಿಲ್ಲ. ಬಸ್ಸಿನಲ್ಲಿ ಕೂತು ಪೇಪರ್ ಬಿಡಿಸಿದರೆ ಸುದ್ದಿಯ ಕೊನೆಯ ಸಾಲು ಹೀಗಿತ್ತು: 'ನಮ್ಮ ಪತ್ರಿಕೆ ಮುದ್ರಣಕ್ಕೆ ಹೋಗುವ ಹೊತ್ತಿಗೆ ಆಟ ಮುಂದುವರಿದಿತ್ತು.'

ಒಂದು ಪಾಯಿಂಟಿನ ಆಟ ಅದು ಹೇಗೆ ಮುಂದುವರಿಯಿತು? ಅಂದರೆ ಸಿನ್ನರ್ ಗೆಲ್ಲಲಿಲ್ಲವೇ? ಸಾಹೇಬರ ಮುಂದೆ ಸೋತವನನ್ನು ಗೆದ್ದ ಎಂದುಬಿಟ್ಟರೆ? ಪಕ್ಕದಲ್ಲಿ ಲಾಸಲಗಾಂವಿನ ಈರುಳ್ಳಿ ವ್ಯಾಪಾರಿಯೊಬ್ಬ ಆರಾಮಾಗಿ ತೂಕಡಿಸುತ್ತಿದ್ದ. ರಘೋತ್ತಮ ಅವನ ಭುಜ ಅಲ್ಲಾಡಿಸಿ ಮರಾಠಿಯಲ್ಲಿ ಕೇಳಿದ: "ಸಿನ್ನರ್ ಏನಾಯಿತು?"

ನಾಸಿಕದಿಂದ ಗಂಟೆಯೊಳಗೆ ಸಿನ್ನರ್ ಎಂಬ ಊರೇ ಒಂದಿದೆ, ಬಸ್ಸು ಅದೇ ದಾರಿಯಲ್ಲಿ ಹೊರಟಿದೆ ಎಂಬುದು ಆ ಗಡಿಬಿಡಿಯಲ್ಲಿ ಅವನಿಗೆ ಹೊಳೆಯಲೇ ಇಲ್ಲ.

ವ್ಯಾಪಾರಿ ಕಣ್ಣುಜ್ಜಿಕೊಂಡು ಹೊರಗೆ ನೋಡಿ ಗಾಬರಿಯಾದ. "ಅರೇ, ಬಂದೇಬಿಟ್ಟಿದೆ! ಕಂಡಕ್ಟರ್, ಈ ಸಾಹೇಬರು ಸಿನ್ನರ್!"

"ಊರಲ್ಲ ಮಾರಾಯ್ರೇ, ಮನುಷ್ಯ! ಸಿನ್ನರ್ ಅಂತ ಒಬ್ಬ..."

"ಮನುಷ್ಯನನ್ನು ಇಳಿದು ಹುಡುಕಿ!" ಎಂದ ಕಂಡಕ್ಟರ್.

ಇಡೀ ಬಸ್ಸು ಪರೋಪಕಾರಕ್ಕೆ ಎದ್ದು ನಿಂತಿತು. ಮುಂದಿನ ಸೀಟಿನ ಅಜ್ಜಿ ಅವನ ಚೀಲವನ್ನು ಕಿಟಕಿಯಿಂದ ಹೊರಗೆ ಇಳಿಬಿಟ್ಟಳು. ಚೀಲ ಹೋದಮೇಲೆ ಒಡೆಯನೂ ಇಳಿಯಲೇಬೇಕಾಯಿತು. "ಲವಕರ್, ಲವಕರ್!" ಅಂತ, ಬೇಗ ಬೇಗ ಅಂತ, ಕಂಡಕ್ಟರ್ ಬೆನ್ನಿಗೆ ಕೈಹಚ್ಚಿದ. ಬಸ್ಸು ಹೊರಟೇಹೋಯಿತು.

ಸ್ಟ್ಯಾಂಡಿನ ಚಹಾದಂಗಡಿಯವನನ್ನು ರಘೋತ್ತಮ ತಗ್ಗಿದ ದನಿಯಲ್ಲಿ ಕೇಳಿದ: "ಸಿನ್ನರ್‌ಗೆ ಸೋಲಾಯಿತಂತಾ?"

ಅಂಗಡಿಯವನ ಮೀಸೆ ನೆಟ್ಟಗಾಯಿತು. "ಯಾರು ಹೇಳಿದ್ದು? ಕಬಡ್ಡಿಯಲ್ಲಿ ಸಿನ್ನರನ್ನು ಸೋಲಿಸುವ ಊರು ಇನ್ನೂ ಹುಟ್ಟಿಲ್ಲ!"

ಜಗಳ ಶಮನವಾಗಲು ಎರಡು ಕಪ್ ಚಹಾ ಹಿಡಿಯಿತು. ಆಮೇಲೆ ಅವನೇ ತನ್ನ ಚಾರ್ಜರ್ ಕೊಟ್ಟ. ಫೋನ್ ಜೀವ ಹಿಡಿದಾಗ ಸುದ್ದಿ ಸಿಕ್ಕಿತು: ಗೆದ್ದವನು ಎದುರಾಳಿ ಅಲ್ಕರಾಜ್; ಸಿನ್ನರ್ ಗೆಲುವಿನ ಮೂರು ಪಾಯಿಂಟ್ ಕೈಚೆಲ್ಲಿದ್ದ. ಐದು ಸೆಟ್, ಐದು ತಾಸು ಇಪ್ಪತ್ತೊಂಬತ್ತು ನಿಮಿಷ. ರಘೋತ್ತಮ ಅದನ್ನು ಮಗ್ಗಿಯಂತೆ ಉರುಹೊಡೆದ. ಮುಂದಿನ ಬಸ್ಸಿಗೆ ತಡವಿತ್ತು. ಸಿಕ್ಕಿದ್ದು ಸಂಭಾಜಿನಗರಕ್ಕೆ ಹೊರಟ ಈರುಳ್ಳಿ ಟೆಂಪೊ, ಅದೂ ಹಿಂದುಗಡೆ, ಮೂಟೆಗಳ ಮೇಲೆ.

ಹನ್ನೆರಡಕ್ಕೆ ಅವನು ಶಾಖೆ ಹೊಕ್ಕಾಗ ಒಡೆದ ಈರುಳ್ಳಿಯ ಘಾಟಿಗೂ ದಾರಿಯ ಧೂಳಿಗೂ ಕಣ್ಣು ಕುಂಕುಮದ ಬಟ್ಟಲಾಗಿದ್ದವು.

"ಹನ್ನೆರಡು ಹೊಡೀತು. ಇದೇನ್ ಬರೋ ಹೊತ್ತೇನ್ರಿ?" ಸಾಹೇಬರು ಗುಡುಗಿದರು.

"ಸರ್, ಸಿನ್ನರ್..." ಬಸ್ಸಿನ ಕತೆ ಹೇಳಹೊರಟವನಿಗೆ ಕೆಮ್ಮು ಬಂತು, ಕಣ್ಣಿಂದ ಬಳಬಳ ನೀರಿಳಿಯಿತು.

ಸಾಹೇಬರ ಮುಖ ಕರಗಿತು. ಎದ್ದು ಬಂದು ಅವನ ಕೈಹಿಡಿದರು. "ನೀವೂ ಸಿನ್ನರನ ಕಡಿಯವರೇನ್ರಿ? ನಾನೂ ನಿದ್ದಿ ಮಾಡಿಲ್ಲ. ಅನ್ನ ಸೇರವಲ್ದು."

ರಘೋತ್ತಮ ತಡಮಾಡಲಿಲ್ಲ. "ಮೂರು ಪಾಯಿಂಟ್ ಕೈಯಾಗಿದ್ದು ಸರ್! ಯಾವ್ದಾರೆ ಒಂದು ಬಂದಿದ್ರ ಮುಗೀತಿತ್ತು. ಐದು ತಾಸು ಇಪ್ಪತ್ತೊಂಬತ್ತು ನಿಮಿಷ..."

"ಸಾಕು, ಹೇಳಬ್ಯಾಡ್ರಿ, ಹೊಟ್ಟಿ ಉರೀತದ!" ಸಾಹೇಬರು ಕಣ್ಣೊರೆಸಿಕೊಂಡರು. ಬಾಗಿಲ ಸಂದಿಯಿಂದ ಮನ್ಮಥಪ್ಪ ಹೆಬ್ಬೆರಳೆತ್ತಿ ತೋರಿಸಿದ.

ಸಾಹೇಬರು ಬ್ಯಾಗಿನಿಂದ ಒಂದು ಲಕೋಟೆ ತೆಗೆದರು. "ಇದು ನಿಮ್ಮ ನಾಸಿಕದ ಆರ್ಡರ್. ಶುಕ್ರವಾರನ ಸಹಿ ಮಾಡೀನಿ. ಪಾಪ, ಸಂಸಾರಸ್ಥರು ಅಂತ."

ರಘೋತ್ತಮ ಎರಡೂ ಕೈ ಚಾಚಿದ.

"ಆದ್ರ ಮುಂದಿನ ತಿಂಗಳು ನನ್ನ ಆಫೀಸು ಇಲ್ಲಿಗೇ ಬರ್ತದ. ಟೆನಿಸ್ ಮಾತಾಡ್ಲಿಕ್ಕೆ ಇಲ್ಲಿ ಒಂದು ನರಪಿಳ್ಳೆ ಇಲ್ಲಂತ ಚಿಂತಿಯಾಗಿತ್ತು. ಇಂಥ ರತ್ನಾನ ಯಾರರೆ ಬಿಟ್ಟುಕೊಡ್ತಾರೇನ್ರಿ?"

ಲಕೋಟೆ ಎರಡಾಯಿತು, ನಾಲ್ಕಾಯಿತು, ಬುಟ್ಟಿಗೆ ಬಿತ್ತು.

"ಜುಲೈಗೆ ವಿಂಬಲ್ಡನ್ ಅದ. ಪೂರ್ತಿ ನಮ್ಮನ್ಯಾಗ ಕೂತು ನೋಡೋಣು." ಸಾಹೇಬರು ಅವನ ಬೆನ್ನು ತಟ್ಟಿದರು. "ಶನಿವಾರ ಐತವಾರಂತೂ ನಿಮ್ಮನ್ನ ಬಿಡೋದೇ ಇಲ್ಲ."