ನಾಲ್ಕು ಜನರ ದೋಣಿ, ಒಂಬತ್ತು ಜನ ಬೀಗರು

ನನಗೆ ಈಜು ಬರುವುದಿಲ್ಲ. ಐವತ್ತಾರನೆಯ ವಯಸ್ಸಿನಲ್ಲಿ ಇದನ್ನು ಒಪ್ಪಿಕೊಳ್ಳಲು ನನಗೆ ನಾಚಿಕೆಯೇನೂ ಇಲ್ಲ. ಈಜು ಬಾರದವರು ದಂಡೇಲಿಯಲ್ಲಿ ಬೇಕಾದಷ್ಟು ಜನ ಇದ್ದಾರೆ. ಅವರೆಲ್ಲ ರವಿವಾರ ಮನೆಯಲ್ಲಿ ಕೂತು ಸುಖವಾಗಿ ಚಹಾ ಕುಡಿಯುತ್ತಾರೆ. ನಾಚಿಕೆಯ ವಿಷಯವೆಂದರೆ ನನ್ನ ಹತ್ತಿರ ಒಂದು ದೋಣಿ ಇದೆ. ಬಾಡಿಗೆಯದಲ್ಲ, ಸ್ವಂತದ್ದು. ಕಾರು ಇಟ್ಟವನಿಗೆ ಕಾರು ಕೆಟ್ಟರೆ ರಸ್ತೆಯ ಬದಿಗೆ ತಳ್ಳಿ ನಿಲ್ಲಿಸುವ ಅನುಕೂಲವಿದೆ. ದೋಣಿ ಇಟ್ಟವನಿಗೆ ಬದಿ ಎನ್ನುವುದು ಬೇಕಾದಾಗ ಯಾವಾಗಲೂ ದೂರದಲ್ಲೇ ಇರುತ್ತದೆ.

ಈ ದೋಣಿಯನ್ನು ನಾನು ಬಯಸಿ ಪಡೆದವನಲ್ಲ. ರಾಮನಗರದಲ್ಲಿ ಅಂಗಡಿ ಇಟ್ಟಿರುವ ನನ್ನ ಭಾವಮೈದುನ ಯಾವುದೋ ಹುಕಿಯಲ್ಲಿ ಗೋವಾದಿಂದ ತಂದು ಹಿತ್ತಿಲಲ್ಲಿ ಇಟ್ಟುಕೊಂಡಿದ್ದ. ಹತ್ತು ಫೂಟಿನ ಫೈಬರ್ ದೋಣಿ, ಎರಡು ಹುಟ್ಟು, ಹಿಂದೆ ಸಿಕ್ಕಿಸಲು ಒಂದು ಸಣ್ಣ ಇಂಜಿನ್. ಎರಡು ವರ್ಷ ಅದರಲ್ಲಿ ಅವನ ಆಡುಗಳು ಮಲಗಿದವು. ನಾವು ಹೊಳೆಯ ಹತ್ತಿರ ಹೊಸ ಮನೆ ಕಟ್ಟಿಸಿದಾಗ ಅವನು ಅದನ್ನು ಟೆಂಪೋದಲ್ಲಿ ಹೇರಿಕೊಂಡು ಬಂದು, "ಮಾವಾರ, ನಿಮಗ ಹೊಳಿ ಐತಿ, ದೋಣಿ ಇಲ್ಲ. ನನಗ ದೋಣಿ ಐತಿ, ಹೊಳಿ ಇಲ್ಲ. ಇಟಗೊಳ್ರಿ" ಎಂದು ಇಳಿಸಿ ಹೋದ. ನನ್ನ ಹೆಂಡತಿ ಗಿರಿಜಾ ಹಳಿಯಾಳದ ಕಡೆಯ ಹಳ್ಳಿಯವಳು, ಊರ ಕೆರೆಯಲ್ಲಿ ಈಜಿ ಬೆಳೆದವಳು. ಅವಳ ಮುಖ ಅರಳಿತು. ಅವಳ ತಮ್ಮ ಕೊಟ್ಟ ದೋಣಿಯನ್ನು ಬೇಡ ಎನ್ನುವ ಧೈರ್ಯ ನನಗಾಗಲಿಲ್ಲ. ಬೇಡ ಎನ್ನುವ ಧೈರ್ಯ ನನಗೆ ಯಾವತ್ತೂ ಯಾವುದರಲ್ಲೂ ಆಗಿಲ್ಲ. ಕಾಲೇಜಿನ ಆಫೀಸಿನಲ್ಲಿ ಹೆಡ್ ಕ್ಲಾರ್ಕ್ ಆಗಿದ್ದೇನೆ. ಎಲ್ಲರ ಕೆಲಸವೂ ನನ್ನ ಟೇಬಲ್ಲಿನ ಮೇಲೇ ಇರುತ್ತದೆ.

ಹೆದರುವವನಿಗೆ ಇರುವ ಒಂದೇ ಸಮಾಧಾನ ನಿಯಮಗಳು. ನಾನು ಒಂದು ನೋಟ್‌ಬುಕ್ ಮಾಡಿದೆ. ದೋಣಿಯ ತಳದಲ್ಲಿ ನೀರು ಹೊರಬಿಡಲು ಒಂದು ತೂತು ಇರುತ್ತದೆ. ಅದರ ಬಿರಡೆ ಹಾಕಿದೆಯೇ ಎಂದು ನೀರಿಗೆ ಇಳಿಸುವ ಮೊದಲು ನೋಡಬೇಕು, ಇಳಿಸಿದ ಮೇಲೆ ನೋಡಿ ಉಪಯೋಗವಿಲ್ಲ. ಲೈಫ್ ಜಾಕೆಟ್ ಹಾಕಿಕೊಂಡರೆ ಸಾಲದು, ಬಕಲ್ ಬಿಗಿಯಬೇಕು. ದೋಣಿಯಲ್ಲಿ ಎದ್ದು ನಿಲ್ಲಬಾರದು, ಫೋಟೋಕ್ಕಾಗಿಯಂತೂ ಎಲ್ಲರೂ ಒಂದೇ ಬದಿಗೆ ವಾಲಬಾರದು. ಹಳೆಯ ಪೆಟ್ರೋಲಿನಲ್ಲಿ ಇಂಜಿನ್ ನಡುಹೊಳೆಯಲ್ಲೇ ನಿಲ್ಲುತ್ತದೆ. ಇಂಜಿನ್ ಇದ್ದರೂ ಹುಟ್ಟು ಬಿಟ್ಟು ಹೋಗಬಾರದು. ನೀರು ತೋಡಲು ಒಂದು ತಂಬಿಗೆ, ಊದಲು ಒಂದು ಸೀಟಿ, ಎಲ್ಲಿಗೆ ಹೋಗುತ್ತೇವೆಂದು ದಂಡೆಯ ಮೇಲೆ ಒಬ್ಬರಿಗಾದರೂ ಹೇಳಿ ಹೋಗುವುದು. ಗಿರಿಜಾ ಇದನ್ನೆಲ್ಲ ಓದಿ, "ಹೊಳ್ಯಾಗ ಇರೂದು ಅರ್ಧ ತಾಸು, ತಯಾರಿ ಎರಡು ತಾಸು. ಮದುವಿ ದಿಬ್ಬಣನೂ ಇದಕ್ಕಿಂತ ಲಗೂನ ಹೊಂಡತೈತಿ" ಎಂದಳು.

ಇಂಜಿನ್ ನೋಡಿಕೊಳ್ಳುವವರು ಖಾದರ್ ಭಾಯಿ. ಪೇಟೆಯಲ್ಲಿ ಮೋಟರ್‌ಸೈಕಲ್ ರಿಪೇರಿ ಮಾಡುತ್ತಾರೆ. ಹೊಳೆಯಲ್ಲಿ ಪ್ರವಾಸಿಗಳು ಹೆಚ್ಚಿದ ಮೇಲೆ ದೋಣಿಯ ಇಂಜಿನ್ ಕೆಲಸವನ್ನೂ ಕಲಿತರು. ಮೊದಲ ದಿನವೇ ನಾನು ಅವರನ್ನು ಮೊಸಳೆಗಳ ಬಗ್ಗೆ ಕೇಳಿದೆ. ನಮ್ಮ ಕಾಳಿ ಹೊಳೆಯಲ್ಲಿ ಮೊಸಳೆಗಳಿವೆ, ಬಂಡೆಯ ಮೇಲೆ ಬಿಸಿಲು ಕಾಯಿಸುತ್ತ ಬಿದ್ದಿರುತ್ತವೆ. "ಸಾಹೇಬ್ರ, ಮೊಸಳಿ ತನ್ನ ಪಾಡಿಗೆ ತಾನು ಇರತೈತಿ. ನೀವು ನೀರಾಗ ಕೈ ಇಳಿಬಿಡಬ್ಯಾಡ್ರಿ, ಅಷ್ಟ ಸಾಕು. ಅಂಜೂದಾದ್ರ ಹಗ್ಗಕ್ಕ ಅಂಜ್ರಿ" ಎಂದರು.

ಹಗ್ಗದ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಹೊಳೆ ಮಳೆ ಬಂದಾಗ ಮಾತ್ರ ಏರುವ ಹೊಳೆಯಲ್ಲ. ಮೇಲೆ ಅಣೆಕಟ್ಟಿನಲ್ಲಿ ಕರೆಂಟಿಗಾಗಿ ನೀರು ಬಿಟ್ಟರೆ ಸುಡುಬಿಸಿಲಲ್ಲೂ ಏರುತ್ತದೆ. ಒಂದು ತಾಸಿನ ಹಿಂದೆ ಒಣಗಿದ್ದ ಬಂಡೆ ಕಾಣದಂತಾಗುತ್ತದೆ. ಅದಕ್ಕೆ ಇಲ್ಲಿ ದೋಣಿ ಕಟ್ಟುವವರು ಹಗ್ಗವನ್ನು ಉದ್ದಕ್ಕೆ ಸಡಿಲ ಬಿಡುತ್ತಾರೆ. ನೀರು ಏರಿದಂತೆ ದೋಣಿಯೂ ಏರುತ್ತದೆ. ಬಿಗಿಯಾಗಿ ಕಟ್ಟಿದರೆ ನೀರು ಏರುತ್ತದೆ, ದೋಣಿ ಏರುವುದಿಲ್ಲ. ಮುಂದಿನದು ಹೇಳಬೇಕಾಗಿಲ್ಲ. ಈ ನಿಯಮವನ್ನು ನೋಟ್‌ಬುಕ್ಕಿನಲ್ಲಿ ಕೆಂಪು ಶಾಯಿಯಲ್ಲಿ ಬರೆದು ಕೆಳಗೆ ಎರಡು ಗೆರೆ ಎಳೆದಿದ್ದೆ.

ಇಷ್ಟೆಲ್ಲ ತಿಳಿದವನು ಮಗಳ ಮದುವೆಯಲ್ಲಿ ಕೊಚ್ಚಿಕೊಂಡೆ. ಮಗಳನ್ನು ಕೊಟ್ಟದ್ದು ಮುಂಡಗೋಡದ ಹತ್ತಿರ ಪಾಳಾಕ್ಕೆ. ಬೀಗರಾದ ಚನಬಸಪ್ಪನವರು ಭತ್ತ, ಗೋವಿನಜೋಳ ಬೆಳೆಯುವ ಗಟ್ಟಿ ಮನೆತನದವರು, ಮಾತು ಕಡಿಮೆ, ಮರ್ಯಾದೆ ಜಾಸ್ತಿ. ಅವರ ಎದುರು ನನ್ನಲ್ಲೂ ಏನಾದರೂ ಇದೆ ಎಂದು ತೋರಿಸಬೇಕಾಗಿತ್ತು. "ನಮ್ಮ ಮನೀ ದೋಣಿ ಐತ್ರಿ. ಎಲ್ಲಾರೂ ಕೂಡಿ ಬರ್ರಿ, ಹೊಳ್ಯಾಗ ತಿರುಗಿಸಿಕೊಂಡ ಬರ್ತೇನಿ" ಎಂದುಬಿಟ್ಟೆ. ಆಮೇಲೆ ಫೋನು ಮಾಡಿದಾಗಲೆಲ್ಲ, ಬೇರೆ ಮಾತು ಸಿಗದೆ, ಅದನ್ನೇ ಹೇಳಿದೆ. ಕರೆಯುವುದು ನಮ್ಮ ಧರ್ಮ, ಬಾರದಿರುವುದು ಅವರ ಧರ್ಮ ಎಂದು ನಂಬಿದ್ದೆ. ನಾಲ್ಕನೆಯ ಸಲಕ್ಕೆ ಅವರು, "ಇಷ್ಟು ಕರೀಲಿಕ್ಕೆ ಹತ್ತೀರಿ, ಬರದಿದ್ರ ತಪ್ಪಾಗತೈತಿ. ರವಿವಾರ ಬರ್ತೇವಿ" ಎಂದರು.

ಎಷ್ಟು ಜನ ಎಂದು ಬೀಗರನ್ನು ಕೇಳುವ ಹಾಗಿಲ್ಲ. ಮಗಳನ್ನು ಕೇಳಿದೆ. ಬೀಗರು, ಬೀಗತಿ, ಬೀಗರ ಎಂಬತ್ತು ವರ್ಷದ ತಾಯಿ, ತಮ್ಮ, ತಮ್ಮನ ಹೆಂಡತಿ, ಅವರ ಎರಡು ಸಣ್ಣ ಮಕ್ಕಳು, ನಮ್ಮ ಅಳಿಯ, ಮಗಳು. ಒಂಬತ್ತು. ನಡೆಸುವವನು ನಾನು ಹತ್ತನೆಯವನು. ದೋಣಿಯ ಬದಿಯಲ್ಲಿ ನಾಲ್ಕು ಜನ ಎಂದು ಅಚ್ಚಾಗಿದೆ. ಜಾಕೆಟ್‌ಗಳೂ ನಾಲ್ಕೇ ಇವೆ.

"ನಾಕ ಮಂದಿ ಅಂತ ಹೇಳ್ರಿ. ಪಾಳಿ ಪ್ರಕಾರ ಕರಕೊಂಡ ಹೋಗ್ರಿ" ಎಂದಳು ಗಿರಿಜಾ. ಹೇಳುವುದು ಸುಲಭ. ಮೊದಲ ಪಾಳಿಗೆ ಯಾರನ್ನು ಕರೆಯುವುದು? ಬೀಗರನ್ನು ಕರೆದರೆ ಅವರ ತಮ್ಮನಿಗೆ ಬೇಸರ. ಬೀಗತಿಯನ್ನು ಕೂರಿಸಿ ತಮ್ಮನ ಹೆಂಡತಿಯನ್ನು ದಂಡೆಯ ಮೇಲೆ ನಿಲ್ಲಿಸಿದರೆ ಆ ಸಿಟ್ಟು ನನ್ನ ಮಗಳ ಮೇಲೆ ತಿರುಗಬಹುದು. ಮದುವೆಯಾಗಿ ಇನ್ನೂ ನಾಲ್ಕು ತಿಂಗಳಾಗಿರಲಿಲ್ಲ. ಶನಿವಾರ ಇಡೀ ದಿನ ಆಫೀಸಿನಲ್ಲಿ, "ಬೀಗರ, ತಪ್ಪ ತಿಳ್ಕೋಬ್ಯಾಡ್ರಿ, ನಾಕ ಮಂದಿ ಅಷ್ಟ" ಎಂಬ ವಾಕ್ಯವನ್ನು ತುಟಿಯಲ್ಲೇ ಅಭ್ಯಾಸ ಮಾಡಿದೆ. ಎದುರಿನ ಟೇಬಲ್ಲಿನವರು ನಾನು ಮಂತ್ರ ಹೇಳುತ್ತಿದ್ದೇನೆಂದು ತಿಳಿದು ಮಾತಾಡಿಸಲಿಲ್ಲ. ಸಂಜೆ ಹೊಳೆಗೆ ಹೋಗಿ ದೋಣಿ ತೊಳೆದೆ, ಇಂಜಿನ್ ಸಿಕ್ಕಿಸಿದೆ. ಆಗ ಅಜ್ಜಿಯ ನೆನಪಾಯಿತು. ಎಂಬತ್ತು ವರ್ಷದವರು ನೀರಿನಲ್ಲಿ ಕಾಲಿಟ್ಟು ಹತ್ತಬೇಕೇ? ಅವರ ಸೀರೆಯ ಅಂಚು ತೋಯಬಾರದೆಂದು ದೋಣಿಯನ್ನು ದಂಡೆಗೆ ತೀರ ಹತ್ತಿರ ಎಳೆದು, ಮುಂದೊಂದು ಹಿಂದೊಂದು ಗಂಟು ಹಾಕಿ, ಮತ್ತಿಮರದ ಬೇರಿಗೆ ಬಿಗಿಯಾಗಿ ಕಟ್ಟಿ ಬಂದೆ. ಕಟ್ಟುವಾಗ ನನ್ನ ಮನಸ್ಸಿನಲ್ಲಿ ಬೀಗರಿದ್ದರು, ಹೊಳೆ ಇರಲಿಲ್ಲ.

ರವಿವಾರ ಒಂಬತ್ತಕ್ಕೆ ಬೀಗರ ಟ್ರ್ಯಾಕ್ಸ್ ಗಾಡಿ ಬಂದು ನಿಂತಿತು. ಬೀಗತಿ ಇಳಕಲ್ ಸೀರೆ ಉಟ್ಟಿದ್ದರು, ಮಕ್ಕಳು ಹೊಸ ಅಂಗಿ ಹಾಕಿದ್ದರು. ಉಪ್ಪಿಟ್ಟು, ಶಿರಾ, ಭಜಿ ಆದವು. ಚಹಾ ಬಂದಾಗ ಗಿರಿಜಾ ನನ್ನ ಕಡೆ ನೋಡಿದಳು. ನಾನು ಗಂಟಲು ಸರಿಮಾಡಿಕೊಂಡು, "ಬೀಗರ, ದೋಣಿ ಸ್ವಲ್ಪ ಸಣ್ಣದೈತ್ರಿ" ಎಂದೆ. ಅಲ್ಲಿಗೆ ನನ್ನ ಧೈರ್ಯ ಮುಗಿಯಿತು. ಚನಬಸಪ್ಪನವರು ಕಪ್ಪು ಕೆಳಗಿಟ್ಟು, "ಅದಕ್ಕೇನ್ರಿ, ಸ್ವಲ್ಪ ಸರದ ಕುಂತ್ರ ಆತು. ಒಬ್ರನ್ನ ಬಿಟ್ಟ ಒಬ್ರ ಹೋಗೂದು ಚಂದ ಅಲ್ಲ. ಎಲ್ಲಾರೂ ಕೂಡೇ ಹೋಗೂಣು" ಎಂದರು. ನಾನು, "ಹೌದ್ರಿ, ಸರದ ಕುಂತ್ರ ಆತು" ಎಂದೆ. ನಮ್ಮ ಕಡೆ ಟೆಂಪೋದಲ್ಲಿ, ಪಂಕ್ತಿಯಲ್ಲಿ, ಮದುವೆಯ ಜಮಖಾನೆಯ ಮೇಲೆ ಸರಿದು ಕೂತರೆ ಎಂಥವರಿಗೂ ಜಾಗವಾಗುತ್ತದೆ. ಹೊಳೆಗೆ ಈ ಪದ್ಧತಿ ಗೊತ್ತಿಲ್ಲ. ಗಿರಿಜಾ ಏನನ್ನೋ ಹೇಳಲು ಬಾಯಿ ತೆರೆದಳು. ಬೀಗರ ಮಾತಿಗೆ ಅಡ್ಡ ಬರಬೇಡ ಎಂದು ನಾನೇ ಕಣ್ಸನ್ನೆ ಮಾಡಿದೆ.

ಹೊಳೆಯ ದಾರಿ ಹಿಡಿದೆವು. ನಾಲ್ಕು ಜಾಕೆಟ್‌ಗಳನ್ನು ಹೊತ್ತು ಮುಂದೆ ನಡೆಯುತ್ತ ನಾನು ಮನಸ್ಸಿನಲ್ಲೇ ಹಂಚುತ್ತಿದ್ದೆ. ಮಕ್ಕಳಿಗೆ ಎರಡು. ಅವು ದೊಡ್ಡವರ ಅಳತೆಯವು, ಮಕ್ಕಳು ಕೆಳಗಿಂದ ಜಾರಿಹೋಗುತ್ತವೆ. ಅಜ್ಜಿಗೆ ಒಂದು. ಇನ್ನೊಂದು ಮಗಳಿಗೋ ಅಳಿಯನಿಗೋ? ಹಿಂದೆ ಯಾರೂ ಮಾತಾಡುತ್ತಿರಲಿಲ್ಲ. ಎಲ್ಲರೂ ಉತ್ಸಾಹದಲ್ಲಿದ್ದಾರೆ ಎಂದುಕೊಂಡೆ. ನಿಂತು ತಿರುಗಿ ಒಂದೇ ಒಂದು ಮಾತು ಹೇಳಿದ್ದರೆ ಆಗುತ್ತಿತ್ತು. ಹೇಳಲಿಲ್ಲ. ನಡೆದೇ ನಡೆದೆ.

ದಂಡೆಗೆ ಬಂದು ನೋಡಿದರೆ ದೋಣಿ ಇರಲಿಲ್ಲ. ನೀರು ತುಂಬಿ ಹರಿಯುತ್ತಿತ್ತು. ಮತ್ತಿಮರದ ಬೇರು ಮುಳುಗಿತ್ತು. ಮುಂಜಾನೆ ಮೇಲಿಂದ ನೀರು ಬಿಟ್ಟಿದ್ದರು. ಒಂದು ಹುಟ್ಟು ತೇಲಿ ಬಿದಿರಿನ ಮೆಳೆಗೆ ಸಿಕ್ಕಿಕೊಂಡಿತ್ತು. ಬಗ್ಗಿ ನೋಡಿದಾಗ ಎರಡು ಫೂಟು ನೀರಿನ ಕೆಳಗೆ, ನಾನು ಕಟ್ಟಿದ ಜಾಗದಲ್ಲೇ, ಸ್ವಲ್ಪವೂ ಅಲುಗದೆ ನನ್ನ ದೋಣಿ ಕಂಡಿತು. ಗಂಟುಗಳು ಗಟ್ಟಿಯಾಗಿದ್ದವು. ಚನಬಸಪ್ಪನವರು ನನ್ನ ಪಕ್ಕ ಬಂದು ತುಂಬ ಹೊತ್ತು ನೋಡಿ, "ಇದು ಹಿಂಗ ಇರೂದೇನ್ರಿ?" ಎಂದು ಕೇಳಿದರು. ಅವರ ದನಿಯಲ್ಲಿ ವ್ಯಂಗ್ಯವಿರಲಿಲ್ಲ. ಹೌದು ಎಂದಿದ್ದರೆ ಆ ಮನುಷ್ಯ ಹತ್ತಲು ಇಳಿಯುತ್ತಿದ್ದರೇನೋ.

ಖಾದರ್ ಭಾಯಿಗೆ ಫೋನು ಮಾಡಿದೆವು. ನೀರು ಇಳಿದ ಮೇಲೆ ಬಂದು ಅವರು, ಅಳಿಯ, ಗಿರಿಜಾ ಸೇರಿ ದೋಣಿಯನ್ನು ದಂಡೆಗೆ ತಂದರು. ನಾನು ಇಂಜಿನ್ ಚಾಲೂ ಆಗುತ್ತದೆಯೇ ನೋಡೋಣವೆಂದು ಅದರ ಸ್ಟಾರ್ಟರ್ ಹಗ್ಗಕ್ಕೆ ಕೈ ಹಾಕಿದೆ. "ಎಳೀಬ್ಯಾಡ್ರಿ ಸಾಹೇಬ್ರ. ಮೊದಲ ಪ್ಲಗ್ ಬಿಚ್ಚಿ ಒಳಗಿನ ನೀರ ತಗೀಬೇಕು, ಆಯಿಲ್ ಬದಲಿ ಮಾಡಬೇಕು. ಮುಳುಗಿದ ಇಂಜಿನ್ ಹಂಗ ಎಳದ್ರ ಪೂರಾ ಹೋಗತೈತಿ" ಎಂದು ಖಾದರ್ ಭಾಯಿ ನನ್ನ ಕೈ ಸರಿಸಿದರು. ಆಮೇಲೆ ಗಂಟು ನೋಡಿದರು, ನನ್ನನ್ನು ನೋಡಿದರು. ಬೈದಿದ್ದರೆ ಚೆನ್ನಾಗಿತ್ತು.

ನಾವು ಮನೆಗೆ ಬಂದಾಗ ಉಳಿದವರು ಊಟಕ್ಕೆ ಕೂತಿದ್ದರು. ಒಳಗಿಂದ ನಗು, ಮಾತು, ಮಕ್ಕಳ ಗದ್ದಲ ಕೇಳುತ್ತಿತ್ತು. ಮುಂಜಾನೆಯಿಂದ ಅಷ್ಟು ಖುಷಿಯಾಗಿ ಅವರು ಒಮ್ಮೆಯೂ ಇದ್ದಿರಲಿಲ್ಲ. ಅಜ್ಜಿ ಎರಡು ಹೋಳಿಗೆ ಹಾಕಿಸಿಕೊಂಡರು. ಊಟವಾದ ಮೇಲೆ ಚನಬಸಪ್ಪನವರು ನನ್ನನ್ನು ಹಿತ್ತಿಲಿಗೆ ಕರೆದು ಎಲೆ ಅಡಿಕೆ ಮಡಿಸುತ್ತ ಸಣ್ಣ ದನಿಯಲ್ಲಿ ಹೇಳಿದರು: "ಖರೇ ಹೇಳ್ಲೇನ್ರಿ ಬೀಗರ, ನನಗ ನೀರಂದ್ರ ಆಗೂದಿಲ್ಲ. ನಮ್ಮವ್ವ ಮುಂಜಾನಿಂದ ದೇವರ ಹೆಸರು ಹೇಳ್ಕೋತ ಕುಂತಿದ್ಲು. ನಮ್ಮ ತಮ್ಮನ ಹೆಂಡ್ತಿ, ಹುಡುಗ್ರನ್ನ ಮನ್ಯಾಗ ಬಿಟ್ಟ ಬರೂಣು ಅಂದ್ಲು, ನಾನ ಬೈದೆ. ನೀವು ಅಷ್ಟು ಪ್ರೀತೀಲೆ ಕರದಿರಿ. ಹೆಂಗ ಒಲ್ಲೆ ಅನ್ನೂದು?"

ಹತ್ತು ಜನ. ಅದರಲ್ಲಿ ಒಬ್ಬರಿಗೂ ಆ ದೋಣಿ ಹತ್ತುವ ಮನಸ್ಸಿರಲಿಲ್ಲ. ಮರ್ಯಾದೆಗೆ ಕಟ್ಟುಬಿದ್ದು ಎಲ್ಲರೂ ಹತ್ತುತ್ತಿದ್ದೆವು. ನಡುಹೊಳೆಯಲ್ಲಿ, ಬದಿಯಿಂದ ನೀರು ಒಳಗೆ ಬರುತ್ತಿದ್ದಾಗಲೂ, ಒಬ್ಬರ ಮುಖ ಒಬ್ಬರು ನೋಡಿ ನಗುತ್ತ ಇನ್ನೂ ಸ್ವಲ್ಪ ಸರಿಯುತ್ತಿದ್ದೆವು. ಒಳಗೆ ಆ ಎರಡು ಮಕ್ಕಳು ಚೀರಾಡುತ್ತಿದ್ದ ಸದ್ದು ಕೇಳಿ ನನ್ನ ಕಣ್ಣಲ್ಲಿ ನೀರು ಬಂತು.

ಸಂಜೆ ಅವರು ಹೊರಟರು. ಟ್ರ್ಯಾಕ್ಸ್ ಹತ್ತುವಾಗ ಚನಬಸಪ್ಪನವರಿಗೆ ತಾನು ಹಿತ್ತಿಲಲ್ಲಿ ಹೆಚ್ಚು ಮಾತಾಡಿಬಿಟ್ಟೆ ಅನ್ನಿಸಿರಬೇಕು. ನನ್ನ ಎರಡೂ ಕೈ ಹಿಡಿದು, "ದೋಣಿ ರಿಪೇರಿ ಆತಂದ್ರ ಫೋನ್ ಮಾಡ್ರಿ. ಮತ್ತ ಬರ್ತೇವಿ" ಎಂದರು.

"ಮಾಡದ ಇರ್ತೇನೇನ್ರಿ" ಎಂದೆ ನಾನು. "ಖಂಡಿತ ಬರ್ರಿ. ಎಲ್ಲಾರೂ ಬರ್ರಿ."