ದೊಡ್ಡವ್ವನ ರೊಟ್ಟಿ ಡಬ್ಬಿ

ಜಹೀರಾಬಾದಿನಲ್ಲಿರುವ ನನ್ನ ದೊಡ್ಡವ್ವನಿಗೆ ಶತ್ರುಗಳೇ ಇಲ್ಲ. ಇದ್ದವರನ್ನೆಲ್ಲ ಪ್ರೀತಿಸಿ ಪ್ರೀತಿಸಿ ಮುಗಿಸಿಬಿಟ್ಟಿದ್ದಾಳೆ! ಆಕೆಗೆ ಯಾರಾದರೂ ಅನ್ಯಾಯ ಮಾಡಿದರೆ ಮರುದಿನವೇ ಅವರ ಮನೆಗೆ ಸ್ಟೀಲ್ ಡಬ್ಬಿಯಲ್ಲಿ ಜೋಳದ ರೊಟ್ಟಿ, ಶೇಂಗಾ ಹಿಂಡಿ ಎಂಬ ಚಟ್ನಿಪುಡಿ ಹೋಗುತ್ತವೆ. ಶತ್ರುಗಳನ್ನು ಪ್ರೀತಿಸಬೇಕೆಂದು ಯೇಸುಸ್ವಾಮಿ ಹೇಳಿದ್ದು ನಿಜ. ಶೇಂಗಾ ಹಿಂಡಿ ಮಾತ್ರ ದೊಡ್ಡವ್ವನೇ ಸೇರಿಸಿಕೊಂಡದ್ದು.

ಆದರೆ ಆ ರೊಟ್ಟಿ ಬಡಿಯುವ ಸದ್ದು ಕೇಳಬೇಕು ನೀವು! ನಮ್ಮ ಕಡೆ ರೊಟ್ಟಿ ಲಟ್ಟಿಸುವುದಿಲ್ಲ, ಅಂಗೈಯಿಂದ ಬಡಿಯುತ್ತಾರೆ. ಉಳಿದ ದಿನ ದೊಡ್ಡವ್ವನ ಕೈ ಮೆಲ್ಲಗೆ ಆಡುತ್ತದೆ. ಯಾರಾದರೂ ಮನಸ್ಸು ನೋಯಿಸಿದ ದಿನ ಧಪ್ ಧಪ್ ಎಂದು ಓಣಿಯ ಕೊನೆಯವರೆಗೂ ಕೇಳುತ್ತದೆ. ಇವತ್ತು ಯಾರ ಪಾಳಿ ಎಂದು ನೆರೆಯವರು ಪರಸ್ಪರ ಕೇಳಿಕೊಳ್ಳುತ್ತಾರೆ.

ಒಮ್ಮೆ ಪಕ್ಕದ ಮನೆಯ ಆಡು ದೊಡ್ಡವ್ವನ ಹಿತ್ತಲಿನ ಮೆಂತ್ಯ ಪೂರ್ತಿ ಮೇಯಿತು. ಮೂರು ದಿನ ಡಬ್ಬಿ ಹೋಯಿತು. ನಾಲ್ಕನೆಯ ದಿನ ಆಡಿನ ಒಡತಿ ತಾನೇ ಬಂದು ನಿಂತಳು. "ಅಕ್ಕಾ, ಆಡು ಕಟ್ಟಿ ಹಾಕೀನ್ರಿ. ಬೇಕಾದ್ರ ಎರಡು ಬೈರಿ, ರೊಟ್ಟಿ ಬ್ಯಾಡ್ರಿ."

ಇನ್ನೊಮ್ಮೆ ನಾರಾಯಣಖೇಡದಿಂದ ಬರುವಾಗ ಬಸ್ಸು ಪಂಕ್ಚರಾಯಿತು. ಎಲ್ಲರೂ ಡ್ರೈವರನನ್ನು ಬೈಯುತ್ತಿದ್ದರೆ ಈಕೆ "ದೇವರಿಗೆ ಸ್ತೋತ್ರ" ಎಂದು ಎದ್ದುನಿಂತು, ಕಣ್ಣು ಮುಚ್ಚಿ ಆತನಿಗಾಗಿ ಪ್ರಾರ್ಥನೆ ಶುರು ಮಾಡಿದಳು. ಟೈರು ಬದಲಾಯಿತು, ಜನ ಹತ್ತಿ ಕುಳಿತರು, ಆಮೆನ್ ಮಾತ್ರ ಬರಲೊಲ್ಲದು! ಪಾಪ, ಡ್ರೈವರ್ ಸ್ಟಿಯರಿಂಗ್ ಹಿಡಿದು ತಲೆ ಬಾಗಿಸಿಕೊಂಡು ಕಾಯುತ್ತಿದ್ದ.

ಇದನ್ನೆಲ್ಲ ಹೇಳಿಕೊಂಡು ತಾಂಡೂರಿನಲ್ಲಿ ನಗುತ್ತಿದ್ದವನು ನಾನು. ಹೋದ ವರ್ಷ ದೊಡ್ಡವ್ವನಿಗೆ ಕಣ್ಣಿನ ಪೊರೆಯ ಆಪರೇಷನ್ ಆಯಿತು. ಮಕ್ಕಳಿಲ್ಲದವಳು, ನಾನೇ ಜೊತೆಗಿರುತ್ತೇನೆಂದು ಮಾತು ಕೊಟ್ಟಿದ್ದೆ. ಆ ದಿನವೇ ಗೆಳೆಯನ ಗೃಹಪ್ರವೇಶದ ಊಟ ಬರಬೇಕೆ? ಬಸ್ಸು ಸಿಗಲಿಲ್ಲವೆಂದು ಫೋನಿನಲ್ಲಿ ಹೇಳಿಬಿಟ್ಟೆ. ಆಕೆ ಸ್ತೋತ್ರ ಎಂದು ಫೋನಿಟ್ಟಳು. ಎಷ್ಟು ಒಳ್ಳೆಯವಳು ಎಂದುಕೊಂಡು ಎರಡನೆಯ ಸಲ ಹೋಳಿಗೆ ಹಾಕಿಸಿಕೊಂಡೆ.

ತಿಂಗಳು ಕಳೆದ ಮೇಲೆ ಪರಿಚಯದವರೊಬ್ಬರ ಕೈಯಲ್ಲಿ ಸ್ಟೀಲ್ ಡಬ್ಬಿ ಬಂತು. ಒಳಗೆ ಎಂಟು ರೊಟ್ಟಿ. ಹೆಂಡತಿ ಡಬ್ಬಿ ನೋಡಿದಳು, ನನ್ನ ಮುಖ ನೋಡಿದಳು.

"ಏನು ಮಾಡೀರಿ ಆಕೀಗಿ?"

ಡಬ್ಬಿ ಖಾಲಿ ಹಿಂತಿರುಗಿಸಬಾರದೆಂದು ಪೇಡೆ ತುಂಬಿಕೊಂಡು ಮರುದಿನವೇ ಹೋದೆ. ದೊಡ್ಡವ್ವ ಕಪ್ಪು ಕನ್ನಡಕ ಹಾಕಿಕೊಂಡು ಬಾಗಿಲಲ್ಲಿ ಕುಳಿತಿದ್ದಳು. ಅವತ್ತು ಬಸ್ಸು ಇತ್ತು ಎಂದು ಒಪ್ಪಿಕೊಂಡೆ.

"ಗೊತ್ತದ. ಮಗ್ಗಲ ಮನಿಯಾಕಿ ಅದೇ ಬಸ್ಸಿಗೆ ಬಂದಾಳ," ಎಂದಳು. ಡಬ್ಬಿ ತೆಗೆದುಕೊಂಡು ಪಕ್ಕಕ್ಕಿಟ್ಟು ಮುಂದುವರಿಸಿದಳು. "ಒಂದು ತಿಂಗಳು ಒಲಿ ಮುಂದ ಕೂಡಬ್ಯಾಡ ಅಂದ್ರು ಡಾಕ್ಟರು. ರೊಟ್ಟಿ ಬಡೀದೆ ನನ್ನ ಸಿಟ್ಟು ಹೆಂಗ ಇಳೀಬೇಕು? ಪ್ರಾರ್ಥನಿ ಮಾಡಾಕ ಕೂತ್ರ, ಕ್ಷಮಾ ಅನ್ನೋ ಮಾತಿನತನಕ ಬಂದು ನಾಲಿಗಿ ನಿಂತುಬಿಡ್ತಿತ್ತು. ನಿನ್ನಿಂದ ತಿಂಗಳತನಕ ನನ್ನ ಪ್ರಾರ್ಥನಿ ಅರ್ಧಕ್ಕೇ ನಿಂತದ."

ಆ ಓಣಿಯಲ್ಲಿ ಎಲ್ಲರಿಗೂ ಕೇಳುತ್ತಿದ್ದ ಸದ್ದು ನನಗೆ ಅರ್ಥವಾದದ್ದು ಆಗಲೇ. ಈಗ ಸಿಟ್ಟು ಇಳಿಯಿತೇ ಎಂದು ಹೆದರುತ್ತಲೇ ಕೇಳಿದೆ.

"ಆರನೇ ರೊಟ್ಟಿಗೇ ಇಳೀತು."

"ಮತ್ತ ಎಂಟು ಯಾಕ ಕಳಿಸಿದಿ, ದೊಡ್ಡವ್ವ?"

"ಮನ್ಯಾಗ ಮೂರು ಮಂದಿ ಅದೀರಿ. ಆರಕ್ಕ ಹೊಟ್ಟಿ ತುಂಬ್ತದೇನು?"

ನನಗೆ ಅಳು ಬಂತು. ಕಣ್ಣಿನ ಔಷಧ ಎಲ್ಲಿದೆ ಎಂದು ಕೇಳಿ, ಆಕೆಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ನಾನೇ ಹನಿ ಹಾಕಿದೆ. ಆ ಸಂಜೆಯೂ ತಾಂಡೂರಿಗೆ ಬಸ್ಸಿತ್ತು. ನಾನು ಹತ್ತಲಿಲ್ಲ.