ಮೂರು ಗಾಲಿಯ ಮೇಲೆ ಕಟ್ಟಿನ ಸಾರು

ಮೂರು ಗಾಲಿಯ ಗಾಡಿಯನ್ನು ಕಂಡುಹಿಡಿದ ಮಹಾನುಭಾವ ಯಾರೋ ನನಗೆ ಗೊತ್ತಿಲ್ಲ. ಸಿಕ್ಕರೆ ಅವನನ್ನು ಸುಮ್ಮನೆ ಬಿಡುವವನಲ್ಲ. ಅಲ್ಲಯ್ಯಾ, ಅಷ್ಟು ದೂರ ಬಂದವನಿಗೆ ಇನ್ನೊಂದು ಗಾಲಿ ಹಾಕಲು ಏನು ಧಾಡಿಯಾಗಿತ್ತು? ಎರಡೇ ಹಾಕಿದ್ದರೆ ‘ಬೀಳುತ್ತದೆ’ ಎಂದು ಜನ ಮೊದಲೇ ಹೆದರಿಕೊಂಡು ಓಡಿಸುತ್ತಿದ್ದರು. ನಾಲ್ಕು ಹಾಕಿದ್ದರೆ ಗಾಡಿ ಬೀಳುತ್ತಲೇ ಇರಲಿಲ್ಲ. ಮೂರು ಹಾಕಿ ನನ್ನಂಥ ಮರ್ಯಾದಸ್ಥನಿಗೆ ಮೋಸ ಮಾಡಿದ್ದಾನೆ!

ನಾನು ಹುಬ್ಬಳ್ಳಿಯವನು. ಇಪ್ಪತ್ತೆರಡು ವರ್ಷಗಳಿಂದ ನಾಗಪುರದಲ್ಲಿ ರೈಲ್ವೆ ವ್ಯಾಗನ್‌ಗಳ ತಪಾಸಣೆ ಮಾಡುತ್ತಿದ್ದೇನೆ. ಯಾವ ವ್ಯಾಗನ್ನಿನ ಭಾರ ಒಂದು ಕಡೆಗೆ ವಾಲಿದೆ, ಯಾವ ಟ್ಯಾಂಕರು ಅರ್ಧ ತುಂಬಿ ಒಳಗೊಳಗೇ ಕುಲುಕುತ್ತಿದೆ ಎಂದು ಹೇಳುವುದೇ ನನ್ನ ಕೆಲಸ. ಇಂಥ ಅನುಭವಿಯ ಕೈಗೆ ಒಂದು ಹಂಡೆ ಸಾರನ್ನು ನಮ್ಮ ಮನೆಯಿರುವ ಪ್ರತಾಪ ನಗರದಿಂದ ಲಕ್ಷ್ಮೀ ನಗರಕ್ಕೆ ಮುಟ್ಟಿಸುವ ಕೆಲಸ ಬಂದರೆ ಚಿಂತೆ ಏಕೆ? ನಾನೂ ಚಿಂತೆ ಮಾಡಲಿಲ್ಲ.

ಚಿಂತೆ ಮಾಡಿದವಳು ನನ್ನ ಹೆಂಡತಿ ಶಕುಂತಲಾ. ಅದಕ್ಕೆ ಕಾರಣವಿತ್ತು. ನಮ್ಮ ಕನ್ನಡ ಬಳಗದವರು ಪ್ರತಿ ಯುಗಾದಿಗೆ ಲಕ್ಷ್ಮೀ ನಗರದ ಒಂದು ಮಂಗಲ ಕಾರ್ಯಾಲಯದಲ್ಲಿ, ಅಂದರೆ ಕಲ್ಯಾಣ ಮಂಟಪದಲ್ಲಿ, ಹೋಳಿಗೆ ಊಟ ಇಟ್ಟುಕೊಳ್ಳುತ್ತಾರೆ. ಹೋದ ವರ್ಷ ಕಟ್ಟಿನ ಸಾರನ್ನು ಒಂದು ಗುಟುಕು ಕುಡಿದ ಶಕುಂತಲಾ, ಎಲ್ಲರಿಗೂ ಕೇಳುವ ಹಾಗೆ, “ಇದು ಸಾರಲ್ರೀ, ಬ್ಯಾಳಿ ತೊಳದ ನೀರು” ಎಂದುಬಿಟ್ಟಳು. ಬಳಗದ ಅಧ್ಯಕ್ಷರು ನಗುತ್ತಲೇ, “ಹಂಗಾದ್ರ ಮುಂದಿನ ವರ್ಷ ನೀವ ಮಾಡ್ರಿ ಶಕುಂತಲಾಬಾಯಿ, ನಾವೂ ಕುಡದು ನೋಡ್ತೀವಿ” ಎಂದರು. ಅಲ್ಲಿಂದ ಒಂದು ವರ್ಷ ನಮ್ಮ ಮನೆಯಲ್ಲಿ ಬೇರೆ ವಿಷಯವೇ ಇರಲಿಲ್ಲ. ಧಾರವಾಡದಿಂದ ಮಸಾಲೆ ಬಂತು. ತಾಲೀಮಿನ ಸಾರನ್ನು ನಾನು ಎಷ್ಟು ಕುಡಿದೆನೋ ಲೆಕ್ಕವಿಲ್ಲ. ಕೊನೆಗೆ ಯುಗಾದಿಯ ಬೆಳಗಿನ ಜಾವ ಎದ್ದು, ಎಂಬತ್ತು ಜನಕ್ಕೆ ಸಾಲುವಷ್ಟು ಸಾರನ್ನು ಅವಳು ಎರಡು ಪಾತ್ರೆಗಳಲ್ಲಿ ಕಂಠಮಟ್ಟ ಮಾಡಿಟ್ಟಳು. ಆ ಘಮಕ್ಕೆ ಮೇಲಿನ ಮನೆಯವರು ಕಿಟಕಿಗೆ ಬಂದು ನಿಂತಿದ್ದರು.

ಅಂದು ಊರಿಗೆಲ್ಲ ಗುಡಿ ಪಾಡವಾ, ಮರಾಠಿಗರ ಯುಗಾದಿ. ಒಂದೇ ಒಂದು ಆಟೋ ಸಿಗಲಿಲ್ಲ. ಪಕ್ಕದ ಮನೆಯ ವಸಂತರಾವ್ ಹೂಕುಂಡಗಳ ವ್ಯಾಪಾರಿ. ಅವರ ಹತ್ತಿರ ಬ್ಯಾಟರಿಯಿಂದ ಓಡುವ ಸಾಮಾನಿನ ಗಾಡಿಯೊಂದಿದೆ. ಮುಂದೆ ಒಂದು ಗಾಲಿ, ಹಿಂದೆ ಎರಡು, ಮೇಲೆ ತೆರೆದ ತೊಟ್ಟಿ. ಅವರು ಹಬ್ಬದ ಮೆರವಣಿಗೆಗೆ ಹೊರಟಿದ್ದವರು ತಲೆಯ ಫೇಟಾ ಸರಿ ಮಾಡಿಕೊಳ್ಳುತ್ತಲೇ ಚಾವಿ ಕೊಟ್ಟರು.

“ಹೌ ನಾ ಸಾಹೇಬ, ಘ್ಯಾ ಚಾವಿ! ಪಣ ವಳಣಾವರ್ ಹಳೂ!” ಎಂದರು. ತೆಗೆದುಕೊಳ್ಳಿ, ಆದರೆ ತಿರುವಿನಲ್ಲಿ ನಿಧಾನ ಎಂದರ್ಥ. ಗಾಡಿಗಳ ವಿಷಯದಲ್ಲಿ ಒಬ್ಬ ಹೂಕುಂಡದವನು ನನಗೆ ಪಾಠ ಹೇಳುವುದೆ!

“ವಸಂತರಾವ್, ಮೂರು ಕಾಲಿನ ಸ್ಟೂಲು ಎಂದಾದರೂ ಅಲ್ಲಾಡಿದ್ದನ್ನು ನೋಡಿದ್ದೀರಾ?” ಎಂದು ಹಿಂದಿಯಲ್ಲಿ ಕೇಳಿದೆ.

“ಸ್ಟೂಲು ಲಕ್ಷ್ಮೀ ನಗರಕ್ಕೆ ಹೋಗುವುದಿಲ್ಲವಲ್ಲ ಸಾಹೇಬ” ಎಂದು ಆತ ಅದೇ ಹಿಂದಿಯಲ್ಲಿ ಹೇಳಿ ಹೊರಟುಹೋದರು. ನನಗೆ ಸಿಟ್ಟು ಬಂತು. ಸಿಟ್ಟಿನಲ್ಲಿ ಕೆಲಸಗಳು ಬೇಗ ಆಗುತ್ತವೆ.

ಮೊದಲನೆಯ ಕೆಲಸವಾಗಿ ಎರಡು ಪಾತ್ರೆಯ ಸಾರನ್ನೂ ಮಂಗಲ ಕಾರ್ಯಾಲಯದಿಂದ ತಂದಿದ್ದ ಒಂದು ದೊಡ್ಡ ಹಂಡೆಗೆ ಸುರಿದೆ. ಎರಡು ಪಾತ್ರೆ ಎಂದರೆ ಎರಡು ಚಿಂತೆ, ಒಂದಾದರೆ ಒಂದೇ ಚಿಂತೆ. ಹಂಡೆ ಅರ್ಧಕ್ಕೆ ತುಸು ಮೇಲೆ ತುಂಬಿತು. ಅರ್ಧ ತುಂಬಿದ ಟ್ಯಾಂಕರು ಎಷ್ಟು ಅಪಾಯಕಾರಿ ಎಂದು ಹೊಸದಾಗಿ ಸೇರಿದವರಿಗೆ ಪ್ರತಿ ವರ್ಷ ಒಂದು ತಾಸು ಭಾಷಣ ಮಾಡುವವನು ನಾನೇ!

“ರೀ, ಹಗ್ಗಾ ಕಟ್ರಿ” ಎಂದಳು ಶಕುಂತಲಾ.

“ಹಗ್ಗ ಯಾಕ ಬೇಕ? ಹಂಡೆ ಬಲಗಡೆ ಇಡೂದು, ಎಡಗಡೆ ನೀ ಕೂಡೂದು. ಬರೋಬರ್ ತೂಕ ಆಗ್ತದ.”

ಅವಳು ಹೊಸ ಇಳಕಲ್ ಸೀರೆಯ ನೆರಿಗೆ ಹಿಡಿದು ನಿಂತಳು. “ಏನಂದ್ರಿ? ನನ್ನನ್ನ ಹಂಡೇಕ್ಕ ತೂಗಿ ನೋಡಿದ್ರೇನು?”

“ನಾ ಅಂದಾಜಿಲೇ ಹೇಳಿದೆ.”

“ಹಬ್ಬದ ದಿನ ಬ್ಯಾರೇ ಏನೂ ಸಿಗಲಿಲ್ಲೇನು ನಿಮಗ ಅಂದಾಜ ಮಾಡಾಕ?” ಎನ್ನುತ್ತಲೇ ತೊಟ್ಟಿಗೆ ಹತ್ತಿ, ಎಡಗಡೆ ಮಣೆ ಹಾಕಿಕೊಂಡು ಕುಳಿತಳು. ಸಾರಿನ ಮೇಲಿನ ಪ್ರೀತಿ ಅವಳಿಂದ ಇದನ್ನೂ ಮಾಡಿಸಿತು.

ಹೊರಟೆವು. ನೇರ ರಸ್ತೆಯಲ್ಲಿ ಗಾಡಿ ದೇವರಂತೆ ಓಡಿತು. ನಾನು ಹಾಡು ಗುನುಗಿದೆ. ಬಾಗಿಲು ಬಾಗಿಲಿಗೂ ರೇಷ್ಮೆ ಬಟ್ಟೆ ಉಡಿಸಿ ತಂಬಿಗೆ ಬೋರಲು ಹಾಕಿದ ಕೋಲು, ಅಂದರೆ ಅವರ ಗುಡಿ, ಏರಿತ್ತು. ಎದುರು ಬಂದವರಿಗೆಲ್ಲ ನಾನು ಕೈಯೆತ್ತಿ ಶುಭಾಶಯ ಹೇಳಿದೆ. ಆಮೇಲೆ ಮೊದಲ ತಿರುವು ಬಂತು.

ಮೂವತ್ತು ವರ್ಷ ಸ್ಕೂಟರ್ ಓಡಿಸಿದವನಿಗೆ ತಿರುವು ಬಂದರೆ ಮೈ ತಾನಾಗಿಯೇ ವಾಲುತ್ತದೆ. ನಾನು ಎಡಕ್ಕೆ ವಾಲಿದೆ. ಗಾಡಿ ವಾಲಲಿಲ್ಲ! ನಾನು ಇನ್ನೂ ವಾಲಿದೆ. ಗಾಡಿ ನನ್ನನ್ನು ಲೆಕ್ಕಕ್ಕೇ ಹಿಡಿಯದೆ ನೆಟ್ಟಗೆ ಒಂದು ಕಬ್ಬಿನ ಹಾಲಿನ ಅಂಗಡಿಯ ಕಡೆಗೆ ನಡೆಯಿತು. ಅರ್ಧ ಮೈ ಹೊರಗೆ ಚಾಚಿ ಬರುತ್ತಿರುವ ನನ್ನನ್ನು ಕಂಡು ಅಂಗಡಿಯವನು ಗ್ಲಾಸು ಬಿಟ್ಟು ಓಡಿದ. ಹೇಗೋ ಹ್ಯಾಂಡಲ್ ತಿರುಚಿ ಪಾರಾದೆ.

“ರೀ, ನೀವು ಗಾಡಿ ಹೊಡೀತೀರೋ, ಯೋಗಾಸನಾ ಮಾಡ್ತೀರೋ?” ಎಂದು ಹಿಂದಿನಿಂದ ಪ್ರಶ್ನೆ ಬಂತು.

ಎರಡನೆಯ ತಿರುವು ಲಕ್ಷ್ಮೀ ನಗರದ ಓಣಿಯದು. ಈ ಸಲ ವಾಲಬಾರದು, ಹ್ಯಾಂಡಲ್ ಮಾತ್ರ ತಿರುಗಿಸಬೇಕು ಎಂದು ಗಟ್ಟಿ ಮನಸ್ಸು ಮಾಡಿ, ತುಸು ವೇಗವಾಗಿಯೇ ಎಡಕ್ಕೆ ತಿರುಗಿಸಿದೆ. ಓಣಿಯ ಬಾಯಲ್ಲಿ, ರಸ್ತೆಯ ಅಗಲಕ್ಕೂ, ನವಿಲು, ಕಲಶ, ಕಮಲ ಎಲ್ಲ ಇದ್ದ ಒಂದು ಭವ್ಯ ರಂಗೋಲಿ! ಸುತ್ತಲೂ ಕಚ್ಚೆ ಹಾಕಿ ಉಟ್ಟ ನವವಾರಿ ಸೀರೆಯ ಹತ್ತು ಹನ್ನೆರಡು ಹೆಂಗಸರು! ಸಾರ್ವಜನಿಕ ರಸ್ತೆಯ ತಿರುವಿನಲ್ಲಿ ನವಿಲು ಬಿಡಿಸಲು ಇವರಿಗೆ ಅನುಮತಿ ಕೊಟ್ಟವರು ಯಾರು?

ಬ್ರೇಕು ಹಾಕಿದೆ. ತಿರುಗುತ್ತಿರುವ ಮೂರು ಗಾಲಿಯ ಗಾಡಿಗೆ ಬ್ರೇಕು ಹಾಕಿದರೆ ಅದರ ಭಾರವೆಲ್ಲ ಮುಂದಿನ ಒಂಟಿ ಗಾಲಿಯ ಕಡೆಗೆ ನುಗ್ಗುತ್ತದೆ ಎಂಬುದು ನನಗೆ ಆ ಕ್ಷಣದಲ್ಲಿ ತಿಳಿಯಿತು. ಹಿಂದೆ ಸಾರು ಒಂದು ಅಲೆಯಾಗಿ ಬಲಕ್ಕೆ ಎದ್ದಿತು. ಹಂಡೆ ವಾಲಿತು. ನನ್ನ ಲೆಕ್ಕದಲ್ಲಿ ಒಂದೇ ಒಂದು ತಪ್ಪಿತ್ತು. ಎಡಗಡೆಯ ತೂಕ ಎಡಗಡೆಯೇ ಕೂತಿರುತ್ತದೆ ಎಂದುಕೊಂಡಿದ್ದೆ. “ಅಯ್ಯೋ ನನ್ನ ಸಾರು!” ಎಂದು ಶಕುಂತಲಾ ಬಲಕ್ಕೆ ಹಾರಿ ಹಂಡೆಯನ್ನು ತಬ್ಬಿಕೊಂಡಳು!

ಎಡಗಾಲಿ ನೆಲ ಬಿಟ್ಟಿತು. ನಾವು ಮೂವರೂ, ಅಂದರೆ ನಾನು, ಅವಳು ಮತ್ತು ಸಾರು, ಎರಡು ಗಾಲಿಯ ಮೇಲೆ ಒಂದು ಯುಗ ನಿಂತೆವು. ಆಮೇಲೆ ಹಂಡೆ ತೊಟ್ಟಿಯ ಅಂಚಿನ ಮೇಲೆ ತಲೆಯಿಟ್ಟು ಎಲ್ಲವನ್ನೂ ಕಾರಿಕೊಂಡಿತು. ಸಾರು ಹೋಗಿ ಹಗುರಾದ ಕೂಡಲೇ ಗಾಡಿ ಧಪ್ಪನೆ ಮೂರು ಗಾಲಿಯ ಮೇಲೆ ಕೂತು, ಏನೂ ಗೊತ್ತಿಲ್ಲದ ಹಾಗೆ ನಿಂತಿತು. ದರಿದ್ರದ್ದು! ನವಿಲಿನ ಕುತ್ತಿಗೆಯವರೆಗೂ ಸಾರು. ಕಮಲದ ಮೇಲೆ ಕರಿಬೇವು.

ನಾನು ಇಳಿದವನೇ ಜಗಳಕ್ಕೆ ನಿಂತೆ. ತಪ್ಪು ನಮ್ಮದಾದಾಗ ಮೊದಲು ಕೂಗಬೇಕು. “ರಸ್ತೆಯೇನು ನಿಮ್ಮ ಅಂಗಳವೆ?” ಎಂದು ಹಿಂದಿಯಲ್ಲಿ ಕೂಗಿದೆ. ಹನ್ನೆರಡು ಜನ ಮರಾಠಿಯಲ್ಲಿ ಉತ್ತರ ಕೊಟ್ಟರು. ನನಗೆ ಅಷ್ಟು ಮರಾಠಿ ಅರ್ಥವಾಗುತ್ತದೆಂದು ಅಂದೇ ಗೊತ್ತಾದದ್ದು.

ಆಗ ಹಿಂದೆ ಒಂದು ಬಿಕ್ಕು ಕೇಳಿಸಿತು. ಶಕುಂತಲಾ ಖಾಲಿ ಹಂಡೆಯ ಪಕ್ಕ ಕುಳಿತು ಅಳುತ್ತಿದ್ದಳು. ಮದುವೆಯಾಗಿ ಇಪ್ಪತ್ತೈದು ವರ್ಷದಲ್ಲಿ ಅವಳು ಬೀದಿಯಲ್ಲಿ ಅತ್ತದ್ದಿಲ್ಲ. ನಿಜ ಹೇಳುತ್ತೇನೆ, ಆಗ ನನಗೆ ನನ್ನ ಮೇಲೆ ಅಸಹ್ಯವೆನಿಸಿತು.

ಹೆಂಗಸರು ಜಗಳ ಬಿಟ್ಟು ಅವಳ ಸುತ್ತ ನೆರೆದರು. ಅವರಲ್ಲೊಬ್ಬ ಅಜ್ಜಿ ಬಗ್ಗಿ ವಾಸನೆ ನೋಡಿ, “ಅಗಂ ಬಾಈ! ಹೀ ತರ್ ಕಟಾಚೀ ಆಮಟೀ!” ಎಂದಳು. ನಮ್ಮ ಕಟ್ಟಿನ ಸಾರಿಗೆ ಅವರಲ್ಲಿ ಆ ಹೆಸರು. ಪಾಡವಾ ದಿನ ಪೂರಣಪೋಳಿ ಎಂಬ ಅವರ ಹೋಳಿಗೆಯ ಜೊತೆಗೆ ಆ ಓಣಿಯ ಮನೆಮನೆಯಲ್ಲೂ ಅದು ಕುದಿಯುತ್ತಿತ್ತು. ಅಜ್ಜಿ ಒಂದು ಹುಕುಂ ಮಾಡಿದಳು. ಮನೆಗೊಂದು ಪಾತ್ರೆ ಹೊರಗೆ ಬಂತು. ಹಂಡೆ ನೋಡನೋಡುತ್ತಲೇ ತುಂಬಿತು. ಅವರಲ್ಲೇ ಒಬ್ಬಾಕೆ ನನ್ನನ್ನು ಪಕ್ಕಕ್ಕೆ ಸರಿಸಿ, ಸೆರಗು ಸಿಕ್ಕಿಸಿ, ಗಾಡಿಯನ್ನು ತಾನೇ ಓಡಿಸಿ ಒಂದು ಹನಿ ಚೆಲ್ಲದಂತೆ ಕಾರ್ಯಾಲಯಕ್ಕೆ ಮುಟ್ಟಿಸಿದಳು. ನಾನು ಹಿಂದೆ ನಡೆದುಕೊಂಡು ಹೋದೆ.

ಊಟದಲ್ಲಿ ಅಧ್ಯಕ್ಷರು ಸಾರನ್ನು ಮೂರು ಸಲ ಹಾಕಿಸಿಕೊಂಡರು. ಎದ್ದು ನಿಂತು, “ಇಂಥಾ ಸಾರು ನಾ ಹುಟ್ಟಿದಾಗಿಂದ ಕುಡದಿಲ್ಲ. ಶಕುಂತಲಾಬಾಯಿ, ನಾವು ಸೋತಿವಿ!” ಎಂದು ಕೈ ಮುಗಿದರು.

ಶಕುಂತಲಾ ಎದ್ದಳು. ಅವಳು ಸುಳ್ಳು ಹೇಳುವವಳಲ್ಲ. “ಇದು ನನ್ನ ಸಾರಲ್ರೀ. ನಂದು ರಸ್ತೇದಾಗ ಚೆಲ್ಲೇತಿ. ಇದನ್ನ ಯಾರೋ ಪುಣ್ಯಾತ್ಗಿತ್ತಿಯರು ಕೊಟ್ಟಾರ” ಎಂದಳು.

ಸಭೆಯೆಲ್ಲ ಘೊಳ್ಳೆಂದು ನಕ್ಕಿತು. “ಎಷ್ಟು ವಿನಯ ನೋಡ್ರಿ!” ಎಂದು ಅಧ್ಯಕ್ಷರು ಚಪ್ಪಾಳೆ ಹೊಡೆಸಿದರು. ಅವಳು ಮತ್ತೆ ಮತ್ತೆ ಹೇಳಿದಳು. ಅವರು ಮತ್ತೆ ಮತ್ತೆ ಚಪ್ಪಾಳೆ ಹೊಡೆದರು. ಕೊನೆಗೆ ಶಾಲು ಹೊದಿಸಿ ಕೂರಿಸಿದರು.

ಮನೆಗೆ ಬಂದವಳು ಶಾಲನ್ನು ಕುರ್ಚಿಯ ಮೇಲೆ ಎಸೆದು ನೇರ ಅಡುಗೆಮನೆಗೆ ಹೋದಳು. ಸಂಜೆಯ ಹೊತ್ತಿಗೆ ಉಳಿದ ಬೇಳೆಕಟ್ಟಿನಲ್ಲಿ ಒಂದು ಬಟ್ಟಲು ಸಾರು ಮಾಡಿ ತಂದು ನನ್ನ ಮುಂದಿಟ್ಟು, ಎದುರಿಗೆ ಕುಳಿತಳು.

“ನನ್ನ ಸಾರು ಹೆಂಗಿತ್ತಂತ ಆ ಎಂಬತ್ತು ಮಂದ್ಯಾಗ ಒಬ್ರಿಗೂ ಗೊತ್ತಾಗಲಿಲ್ಲ. ಎರಡೂ ಕುಡದು ಹೇಳಾವ್ರು ನೀವೊಬ್ರ. ಖರೇ ಹೇಳ್ರಿ. ಅವರದು ಚಲೋನೋ, ನಂದು ಚಲೋನೋ?”

ಇಂಥ ಪ್ರಶ್ನೆಗೆ ತಡ ಮಾಡಬಾರದು ಎಂಬಷ್ಟು ಬುದ್ಧಿ ನನಗಿದೆ. “ನಿಂದ! ಇದರ ಮುಂದ ಅದು ಏನೇನೂ ಅಲ್ಲ!” ಎಂದು ತಟ್ಟನೆ ಹೇಳಿದೆ.

ಅವಳು ನನ್ನನ್ನು ನೋಡಿದಳು, ಬಟ್ಟಲನ್ನು ನೋಡಿದಳು, ಎದ್ದು ಒಳಗೆ ಹೋದಳು. ಉತ್ತರವೇನೋ ಸರಿಯಾಗಿಯೇ ಇತ್ತು. ಆದರೆ ನಾನಿನ್ನೂ ಚಮಚ ಎತ್ತಿರಲಿಲ್ಲ!